ಹಳಿ ಕಿತ್ತ ಮೇಲೂ ಉಳಿದ ದಾರಿ



2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚಲಾರಂಭಿಸಿತು. ಮಲೆನಾಡಿನ ಕೆಲವು ಮನೆಗಳಲ್ಲಿ ಆ ಸೈಕಲ್ ಕೊಟ್ಟಿಗೆಯ ಗೋಡೆಗೊರಗಿ ತುಕ್ಕು ಹಿಡಿಯಿತು. ಮಕ್ಕಳಿಗೆ ತುಳಿಯಲು ಬಾರದೆಂದಲ್ಲ. ಮನೆಯಿಂದ ಡಾಂಬರು ರಸ್ತೆಯವರೆಗೆ ಸೈಕಲ್ ಉರುಳುವ ದಾರಿಯಿರಲಿಲ್ಲ. ದಾರಿಯನ್ನೇ ಮೊದಲು ಉಳಿಸಿಕೊಂಡ ಒಂದು ನಾಡಿನ ವೃತ್ತಾಂತ ಇಲ್ಲಿ ಪ್ರಸ್ತುತವಾದುದು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಒಟಾಗೋ ಪ್ರಾಂತದ ಒಳನಾಡು ಕುರಿ ಸಾಕಣೆಯ, ಹಣ್ಣಿನ ತೋಟಗಳ ಸೀಮೆ. ಡುನೆಡಿನ್ ನಗರದ ಕಡೆಯಿಂದ ಹೊರಟ ರೈಲುಹಾದಿ 1891ರಲ್ಲಿ ಮಿಡಲ್‌ಮಾರ್ಚ್ ಊರನ್ನೂ 1907ರಲ್ಲಿ ಕ್ಲೈಡ್ ಊರನ್ನೂ ತಲಪಿತು. ಲಾರಿಗಳು ಬಂದ ಮೇಲೆ ರೈಲಿಗೆ ಸರಕು ಕುಗ್ಗುತ್ತ ಬಂದು, 1990ರಲ್ಲಿ ಈ ಎರಡು ಊರುಗಳ ನಡುವಣ ಹಾದಿ ಮುಚ್ಚಿತು. ಹಳಿಗಳನ್ನು ಕಿತ್ತೊಯ್ದ ಮೇಲೆ ಉಳಿದದ್ದು ಜಲ್ಲಿಯ ಏರಿ, ಸೇತುವೆಗಳು, ಸುರಂಗಗಳು.

ಆ ನೆಲವನ್ನು ತುಂಡು ತುಂಡಾಗಿ ಅಕ್ಕಪಕ್ಕದ ಜಮೀನಿಗೆ ಸೇರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1993ರಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ಅದನ್ನು ಅಖಂಡವಾಗಿ ವಹಿಸಿಕೊಂಡಿತು. ಸ್ಥಳೀಯರ ಟ್ರಸ್ಟ್ ಹಣ ಕೂಡಿಸಿತು. ಸೇತುವೆಗಳಿಗೆ ಹಲಗೆ, ಕಟಕಟೆ ಕೂರಿಸಿ, ಏರಿಗೆ ಸಣ್ಣ ಜಲ್ಲಿ ಹಾಸಿದರು. 2000ದ ಫೆಬ್ರವರಿಯಲ್ಲಿ ಸುಮಾರು 150 ಕಿ.ಮೀ. ಹಾದಿ ಸೈಕಲ್ಲಿಗೆ, ಕಾಲ್ನಡಿಗೆಗೆ, ಕುದುರೆ ಸವಾರಿಗೆ ತೆರೆಯಿತು. ಕಾರು, ಮೋಟಾರುಬೈಕುಗಳಿಗೆ ಪ್ರವೇಶವಿಲ್ಲ.

ಪಕ್ಕದ ರೈತರೆಲ್ಲ ಇದನ್ನು ಹರ್ಷದಿಂದ ಸ್ವಾಗತಿಸಲಿಲ್ಲ. ಗೇಟು ತೆರೆದಿಟ್ಟು ಹೋದರೆ ಕುರಿಗಳ ಗತಿಯೇನು, ಕಸ ಹೆಕ್ಕುವವರಾರು ಎಂಬ ಅಳುಕು ಅವರದು. ಉಣುಗೋಲು ಎಳೆಯದೆ ಹೋದ ದಾರಿಹೋಕನನ್ನು ಬಯ್ದು ಗೊತ್ತಿರುವವರಿಗೆ ಈ ಅಳುಕು ಹೊಸತಲ್ಲ.

ಹಾದಿ ಜನಪ್ರಿಯವಾದದ್ದಕ್ಕೆ ಎರಡು ಕಾರಣಗಳು ಎದ್ದು ಕಾಣುತ್ತವೆ. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದಾದ್ದರಿಂದ, 50 ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಏರು ಎಲ್ಲಿಯೂ ಇಲ್ಲ; ಮಕ್ಕಳೂ ಮುದುಕರೂ ತುಳಿಯಬಲ್ಲರು. ಇನ್ನೊಂದು, ನಿಧಾನ. ಕಾರಿನವರು ಎರಡು ಗಂಟೆಯಲ್ಲಿ ದಾಟಿಬಿಡುವ ಸೀಮೆಯನ್ನು ಸೈಕಲ್ಲಿನವರು ಮೂರು–ನಾಲ್ಕು ದಿನ ಕ್ರಮಿಸುತ್ತಾರೆ. ಅವರು ಎಲ್ಲಾದರೂ ಉಣ್ಣಲೇಬೇಕು, ಮಲಗಲೇಬೇಕು. ಒಟುರೆಹುವಾ, ವೈಪಿಯಾಟದಂಥ ಸಣ್ಣ ಊರುಗಳಲ್ಲಿ ವಸತಿಗೃಹಗಳಿಗೆ ಜೀವ ಬಂತು. ಪ್ರವಾಸಿಗರ ಗಂಟುಮೂಟೆಯನ್ನು ಊರಿಂದೂರಿಗೆ ಸಾಗಿಸುವುದೇ ಕೆಲವರ ಕಸುಬಾಯಿತು. 2009ರಲ್ಲಿ ಅಲ್ಲಿನ ಸರ್ಕಾರ ದೇಶವ್ಯಾಪಿ ಸೈಕಲ್ ಹಾದಿಗಳ ಯೋಜನೆಯನ್ನೇ ಕೈಗೊಂಡಿತು.

ಆದರೆ ಇದನ್ನು ಯಥಾವತ್ತಾಗಿ ಮಲೆನಾಡಿಗೆ ತಂದರೆ ಮೊದಲ ಮಳೆಗಾಲದಲ್ಲೇ ಕೊಚ್ಚಿಹೋದೀತು. ಆ ಹಾದಿಯ ಅಲೆಗ್ಸಾಂಡ್ರಾ ಊರಿನ ವಾರ್ಷಿಕ ಮಳೆ 400 ಮಿ.ಮೀ.ಗೂ ಕಡಿಮೆ, ಆಗುಂಬೆಯದು 7000 ಮಿ.ಮೀ. ಆಸುಪಾಸು. ಇಲ್ಲಿ ಇಳಿಜಾರಿನ ದಾರಿಯೆಂದರೆ ಆಷಾಢದ ಹಳ್ಳವೇ. ಮೈಯನ್ನು ಕಣಿವೆಯ ಕಡೆಗೆ ತುಸು ಬಾಗಿಸಿ, ಅಡ್ಡಲಾಗಿ ಓರೆಗಾಲುವೆ ತೆಗೆದು, ಜಾರುವಲ್ಲಿ ಜಂಬಿಟ್ಟಿಗೆ ಕಲ್ಲು ಹಾಸಿದರೆ ಮಾತ್ರ ಮಣ್ಣು ನಿಂತೀತು. ಅಗಲ ನಾಲ್ಕಡಿ ಸಾಕು. ಹೆಚ್ಚಿಸಿದರೆ ಜೀಪು ಬರುತ್ತದೆ, ಜೀಪಿನ ಹಿಂದೆ ಮರಳಿನ ಲಾರಿ. ಮತ್ತೊಂದು ವ್ಯತ್ಯಾಸವುಂಟು: ಒಟಾಗೋದ ಹಾದಿ ಬದುಕುತ್ತಿರುವುದು ಬಹುಪಾಲು ಪ್ರವಾಸಿಗರಿಂದ. ಇಲ್ಲಿ ಶಾಲೆಗೆ, ಡೈರಿಗೆ, ಪಡಿತರ ಅಂಗಡಿಗೆ ಹೋಗುವವರು ಮೊದಲು. ಹೋಂಸ್ಟೇ ಅತಿಥಿಗಳು ಆಮೇಲೆ.

ಇಂಥ ದಾರಿಗೆ ಹೊಸ ನೆಲ ಹುಡುಕಬೇಕಿಲ್ಲ. ಗ್ರಾಮನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳು ಗುರುತಾಗಿವೆ. ಕಂದಾಯ ಕಚೇರಿಯ ಭಾಷೆಯಲ್ಲಿ ಅವು ‘ನಕಾಶೆ ಕಂಡ ದಾರಿ’. ಎಷ್ಟೋ ದಾರಿಗಳಿಗೆ ಈಗ ಅಡಿಕೆ ತೋಟದ ಬೇಲಿ ಬಿದ್ದಿದೆ, ಮತ್ತೆಷ್ಟೋ ಲಂಟಾನದಡಿ ಹುದುಗಿವೆ. ಭೂದಾಖಲೆಗಳ ಇಲಾಖೆಯಿಂದ ನಕಾಶೆಯ ಪ್ರತಿ ಪಡೆದು, ವಿದ್ಯಾರ್ಥಿಗಳೂ ಊರಿನ ಹಿರಿಯರೂ ಕೂಡಿ ಒಂದೊಂದು ದಾರಿಯನ್ನು ನಡೆದು ನೋಡಬಹುದು. ಮುರಿದ ಸಂಕ, ಬೇಲಿ ಬಿದ್ದ ಜಾಗ, ಸೈಕಲ್ ತಳ್ಳಲೇಬೇಕಾದ ಏರು ಇವನ್ನು ಗುರುತು ಹಾಕಿಕೊಂಡರೆ, ಮುಂದಿನ ಗ್ರಾಮಸಭೆಯ ಅರ್ಜಿಗೆ ಲಗತ್ತಿಸಲು ಅಷ್ಟು ಸಾಕು.