ಪೇಸ್‌ಮೇಕರಿಗೂ ಒಂದು ವಾಯಿದೆ



ಹಿಂದೂಪುರ, ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲೂ ಈಗ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಿದ್ದಾರೆ. ಕೆಲವರು ಬೆಂಗಳೂರಿನ ಜಯದೇವಕ್ಕೆ ಹೋದವರು, ಕೆಲವರು ಪುಟ್ಟಪರ್ತಿಗೆ. ಹಾಕಿಸಿದ ಮೇಲೆ ತಲೆಸುತ್ತು ನಿಲ್ಲುತ್ತದೆ, ಹೊಲಗದ್ದೆಯ ಕೆಲಸ ಸಾಗುತ್ತದೆ. ಆಮೇಲೆ ಯಂತ್ರದ ನೆನಪೇ ಇರುವುದಿಲ್ಲ. ತೊಂದರೆ ಇರುವುದು ಇಲ್ಲಿಯೇ.

ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಠೇವಣಿಗೆ ವಾಯಿದೆ ಇರುವಂತೆ ಈ ಯಂತ್ರಕ್ಕೂ ವಾಯಿದೆ ಇದೆ. ಠೇವಣಿಯ ವಾಯಿದೆ ಮೀರಿದರೆ ಬಡ್ಡಿ ಹೋದೀತು. ಇಲ್ಲಿ ಮೀರಿದರೆ ಪ್ರಾಣಕ್ಕೇ ಕುತ್ತು.

ಸಾಮಾನ್ಯವಾಗಿ ಬ್ಯಾಟರಿ 5ರಿಂದ 15 ವರ್ಷ ಬರುತ್ತದೆ. ಹೃದಯಕ್ಕೆ ಯಂತ್ರದ ಆಸರೆ ಎಷ್ಟು ಬೇಕೋ ಅಷ್ಟು ಬೇಗ ಅದು ಸವೆಯುತ್ತದೆ. ಆದ್ದರಿಂದ ಪಕ್ಕದ ಮನೆಯವರದು ಹನ್ನೆರಡು ವರ್ಷ ಬಂತೆಂದು ನಿಮ್ಮದೂ ಬರಬೇಕೆಂದಿಲ್ಲ. ಟಾರ್ಚಿನ ಹಾಗೆ ಸೆಲ್ ಮಾತ್ರ ಬದಲಿಸಲು ಬಾರದು. ಬ್ಯಾಟರಿ ಲೋಹದ ಡಬ್ಬಿಯೊಳಗೆ ಮುಚ್ಚಿಹೋಗಿರುತ್ತದೆ. ಡಬ್ಬಿಯನ್ನೇ ಬದಲಿಸಬೇಕು. ತಂತಿಗಳು ಚೆನ್ನಾಗಿದ್ದರೆ ಅವನ್ನೇ ಹೊಸ ಡಬ್ಬಿಗೆ ಜೋಡಿಸುತ್ತಾರೆ. ಆದ್ದರಿಂದ ಎರಡನೆಯ ಸಲದ ಕೆಲಸ ಸಾಮಾನ್ಯವಾಗಿ ಮೊದಲಿನದಕ್ಕಿಂತ ಹಗುರ.

ಹೆದರಬೇಕಾಗಿಲ್ಲ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ಜಗತ್ತಿನಲ್ಲೇ ಮೊದಲು ಇಂಥ ಯಂತ್ರವನ್ನು ದೇಹದೊಳಗೆ ಇಟ್ಟರು. ಅದು ಕೆಲವೇ ಗಂಟೆ ನಡೆಯಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಸಲ ಯಂತ್ರ ಬದಲಾಯಿಸಿಕೊಂಡು ಅವರು 2001ರವರೆಗೆ, 86 ವರ್ಷ ಬದುಕಿದರು.

ಬ್ಯಾಟರಿ ಒಮ್ಮೆಲೇ ನಿಲ್ಲುವುದಿಲ್ಲ. ಬದಲಿಸುವ ಕಾಲ ಬಂತೆಂದು ಯಂತ್ರವೇ ಸೂಚನೆ ಕೊಡುತ್ತದೆ. ಆಮೇಲೆ ಸುಮಾರು ಮೂರು ತಿಂಗಳ ಸಮಯವಿರುತ್ತದೆ. ಆದರೆ ಆ ಸೂಚನೆ ನಮಗೆ ಮೈಯಲ್ಲಿ ತಿಳಿಯದೇ ಇರಬಹುದು, ತಪಾಸಣೆಯಲ್ಲಿ ತಿಳಿಯುತ್ತದೆ. ಆರು ತಿಂಗಳಿಗೋ ವರ್ಷಕ್ಕೋ, ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ಹೋಗಿ. "ಇನ್ನೆಷ್ಟು ವರ್ಷ ಬರುತ್ತದೆ?" ಎಂದು ಕೇಳಿ, ತಾರೀಖು ಹಾಕಿ ಬರೆದಿಡಿ. ನಡುವೆ ತಲೆಸುತ್ತು, ಎಚ್ಚರ ತಪ್ಪುವುದು, ಏದುಸಿರು ಕಂಡರೆ ಆ ದಿನಕ್ಕಾಗಿ ಕಾಯಬೇಡಿ.

ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಕಾರ್ಡನ್ನು ಪಾಸ್‌ಬುಕ್ಕಿನಂತೆ ಜೋಪಾನ ಮಾಡಿ. ಅದರಲ್ಲಿ ಕಂಪನಿ, ಮಾದರಿ, ಹಾಕಿದ ದಿನ ಇರುತ್ತವೆ. ಒಂದು ಜೆರಾಕ್ಸ್ ಮಗನ ಅಥವಾ ಸೊಸೆಯ ಕೈಯಲ್ಲೂ ಇರಲಿ.

ಗಡಿಯವರಾದ ನಮಗೆ ಇನ್ನೊಂದು ಮಾತು. ಚಿಕಿತ್ಸೆ ಕರ್ನಾಟಕದಲ್ಲಿ, ರೇಷನ್ ಕಾರ್ಡು ಆಂಧ್ರದಲ್ಲಿ ಎಂಬಂತಿದೆ ನಮ್ಮ ಬಾಳು. ನಮ್ಮ ಸರ್ಕಾರದ ಆರೋಗ್ಯ ಯೋಜನೆ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ, ಕೈಯಿಂದ ಎಷ್ಟು ಹಾಕಬೇಕು ಎಂಬುದನ್ನು ಬ್ಯಾಟರಿಗೆ ವರ್ಷ ಎರಡು ವರ್ಷ ಇರುವಾಗಲೇ ವಿಚಾರಿಸಿ. ಕಡಲೆಕಾಯಿ ಮಾರಿದ ಹಣದಲ್ಲಿ ಪ್ರತಿ ಸುಗ್ಗಿಗೂ ಸ್ವಲ್ಪ ಎತ್ತಿಟ್ಟರೆ, ಆ ದಿನ ಬಡ್ಡಿಗೆ ಸಾಲ ಹುಡುಕುವುದು ತಪ್ಪುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮುಂಚೆಯೇ ಡಾಕ್ಟರಿಗೆ ತಿಳಿಸಿ, ತಾವಾಗಿಯೇ ನಿಲ್ಲಿಸಬೇಡಿ.

ನಿಮ್ಮ ಮನೆಯ ಹಿರಿಯರ ಕಾರ್ಡು ಎಲ್ಲಿದೆ ಎಂದು ಇವತ್ತೇ ನೋಡಿ. ಓದು ಬಾರದವರಿದ್ದರೆ ನೀವು ಓದಿ ಹೇಳಿ.