ಹೋಮ್ ನರ್ಸ್ ಮಲಗೋದು ಯಾವಾಗ?

ಕಾಪುವಿನಿಂದ ಕಾರ್ಕಳದವರೆಗೆ ಯಾವ ಊರಿಗೆ ಹೋದರೂ ಇಂಥದ್ದೊಂದು ಮನೆ ಉಂಟು. ದೊಡ್ಡ ಮನೆ, ಮಗ ದುಬೈಯಲ್ಲಿ, ಮಗಳು ಮುಂಬೈಯಲ್ಲಿ. ಒಳಗೆ ಹಾಸಿಗೆ ಹಿಡಿದ ಅಜ್ಜಿ, ಅವರ ಪಕ್ಕ ಒಬ್ಬರು ಹೋಮ್ ನರ್ಸ್. ಇವತ್ತು ಆ ಹೋಮ್ ನರ್ಸ್ ಬಗ್ಗೆ ಮಾತಾಡೋಣ.

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಅಂದ್ರೆ ವಯಸ್ಸಾದವರು ಇರುವ ಜಾಗ. ಅಲ್ಲಿ ಎಲ್‌ಪಿಎನ್ ಅಂತ, ಸುಮಾರು ಒಂದು ವರ್ಷ ಓದಿ, ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ನರ್ಸ್‌ಗಳು ಇರ್ತಾರೆ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿನ ಎಲ್‌ಪಿಎನ್ ಮಾಡುವ ಎಷ್ಟೋ ಕೆಲಸ ಇಲ್ಲಿ ಮನೆಯೊಳಗೆ ಹೋಮ್ ನರ್ಸ್ ತಲೆ ಮೇಲೆ ಬಿದ್ದಿದೆ. ಲೈಸೆನ್ಸ್ ಒಂದಿಲ್ಲ.

ನಮ್ಮಲ್ಲಿ ಎಎನ್‌ಎಂ ಎರಡು ವರ್ಷದ ಓದು, ಜಿಎನ್‌ಎಂ ಮೂರು, ಬಿಎಸ್ಸಿ ನರ್ಸಿಂಗ್ ನಾಲ್ಕು. ಆಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಉಡುಪಿಯ ಲೊಂಬಾರ್ಡ್ ಮಿಷನ್ ಆಸ್ಪತ್ರೆ 1923ರದ್ದು, ಮಣಿಪಾಲದ ನರ್ಸಿಂಗ್ ಕಾಲೇಜು 1990ರದ್ದು. ಆದ್ರೆ ಓದಿದವರು ಆಸ್ಪತ್ರೆಗೆ, ಗಲ್ಫಿಗೆ ಹೋಗ್ತಾರೆ. ಏಜೆನ್ಸಿ ಮೂಲಕ ಮನೆಗೆ ಬರುವ ಎಷ್ಟೋ ಜನ ಕೆಲಸ ಮಾಡ್ತಾ ಮಾಡ್ತಾ ಕಲಿತವರು. ಅದು ಅವರ ತಪ್ಪಲ್ಲ. ಇಬ್ಬರನ್ನೂ ನಾವು ‘ನರ್ಸ್’ ಅಂತಲೇ ಕರೀತೇವೆ, ತೊಂದರೆ ಶುರುವಾಗೋದು ಅಲ್ಲಿ.

ಕಾಪು ಕಡೆಯ ಒಂದು ಮನೆಯಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಿದೆ. ಹೆಸರು ಬೇಡ ಅಂದ್ರು, ಅಕ್ಕ ಅಂತ ಹೇಳ್ತೇನೆ. ಸ್ಟ್ರೋಕ್ ಆದ ಅಮ್ಮನನ್ನು ನೋಡಿಕೊಳ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಡೈಪರ್ ಬದಲಿಸಿ, ಬಿಸಿ ನೀರಿನ ಬಟ್ಟೆಯಲ್ಲಿ ಮೈ ಒರೆಸ್ತಾರೆ. ಒರೆಸುವಾಗಲೇ ಬೆನ್ನು, ಸೊಂಟ, ಹಿಮ್ಮಡಿ ನೋಡಬೇಕು. ಎಲ್ಲಾದರೂ ಕೆಂಪಾಗಿ, ಒತ್ತಿದರೂ ಆ ಕೆಂಪು ಹೋಗದಿದ್ದರೆ ಬೆಡ್ ಸೋರ್ ಶುರುವಾಗಿದೆ ಅಂತ ಲೆಕ್ಕ. ಮೂಗಿನಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬ್‌ನಲ್ಲಿ ಊಟ. ತಲೆಯ ಭಾಗ ಎತ್ತಿ ಒರಗಿಸಿ, ಗಂಜಿಯನ್ನು ತೆಳ್ಳಗೆ ಸೋಸಿ ನಿಧಾನ ಬಿಡಬೇಕು. ಊಟ ಆದ ಮೇಲೂ ಅರ್ಧ ಗಂಟೆ ಹಾಗೇ ಒರಗಿಸಿ ಇಡಬೇಕು. ಯೂರಿನ್ ಬ್ಯಾಗ್ ಸೊಂಟಕ್ಕಿಂತ ಕೆಳಗೇ ಇರಬೇಕು. ಮಾತ್ರೆ, ಬಿಪಿ, ಶುಗರ್ ಎಲ್ಲ ನೋಟ್‌ಬುಕ್‌ನಲ್ಲಿ ಬರೀಬೇಕು. ಇದರ ನಡುವೆ ಮನೆಯವರು ‘ಸ್ವಲ್ಪ ಬಂಗುಡೆ ಕ್ಲೀನ್ ಮಾಡಿ ಕೊಡಿ’ ಅಂತಾರೆ. ಎಂತ ಹೇಳೋದು ಮಾರ್ರೆ!

ನಾನು ಕಾಮರ್ಸ್ ಓದಿದವನು, ಲೆಕ್ಕ ಹಾಕದೆ ಆಗೋದಿಲ್ಲ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತಾರೆ. ಏರ್ ಬೆಡ್ ಇದ್ದರೂ ಬದಲಿಸದೆ ಬಿಡುವ ಹಾಗಿಲ್ಲ. ಅಂದ್ರೆ ದಿನಕ್ಕೆ 12 ಸಲ. ರಾತ್ರಿ ಹತ್ತಕ್ಕೆ ಒಮ್ಮೆ ಬದಲಿಸಿದರೆ ಮತ್ತೆ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕು. ‘ಅಕ್ಕ, ನೀವು ಮಲಗೋದು ಯಾವಾಗ?’ ಅಂತ ಕೇಳಿದೆ. ‘ಅಮ್ಮ ಮಲಗಿದಾಗ’ ಅಂದ್ರು. ಅಮ್ಮ ಮಲಗೋದು ಮಧ್ಯಾಹ್ನ. ಬಟ್ಟೆ ಒಗೆಯಲು ಅವರಿಗೆ ಸಿಗೋದೂ ಅದೇ ಹೊತ್ತು.

ಹಿಂದೆ ಕೆಲಸ ಮಾಡಿದ ಮನೆಯಲ್ಲಿ ಒಂದು ರಾತ್ರಿ ಅಜ್ಜ ರೈಲ್ಸ್ ಟ್ಯೂಬ್ ಎಳೆದು ಹಾಕಿದರಂತೆ. ಮಗ ವಿಡಿಯೊ ಕಾಲ್‌ನಲ್ಲಿ, ‘ನೀವು ನರ್ಸ್ ಅಲ್ವಾ, ವಾಪಸ್ ಹಾಕಿ’ ಅಂದ್ರು. ಅಕ್ಕ ಆಗೋದಿಲ್ಲ ಅಂದ್ರು. ಟ್ಯೂಬ್ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಹೋದರೆ, ಅದರಲ್ಲಿ ಗಂಜಿ ಬಿಟ್ಟರೆ, ಜೀವಕ್ಕೇ ಅಪಾಯ. ಅಂಬುಲೆನ್ಸ್ ತರಿಸಿ ಆಸ್ಪತ್ರೆಯಲ್ಲಿ ಹಾಕಿಸಿದರು. ಮರುದಿನ ಏಜೆನ್ಸಿಗೆ ದೂರು ಹೋಯಿತು, ‘ಕೆಲಸ ಗೊತ್ತಿಲ್ಲದವರನ್ನು ಕಳಿಸಿದ್ದೀರಿ’ ಅಂತ. ನನಗಂತೂ ಆ ಮನೆಯಲ್ಲಿ ಕೆಲಸ ಗೊತ್ತಿದ್ದವರು ಅವರೊಬ್ಬರೇ ಅನ್ನಿಸಿತು.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂತು. ಅದು ಓದಿ ನೋಂದಾಯಿಸಿದ ನರ್ಸ್‌ಗಳಿಗೆ. ಅಕ್ಕನ ರಜೆ, ಅಕ್ಕನ ನಿದ್ದೆ ಅದರಲ್ಲಿಲ್ಲ.

ಹಾಗಾಗಿ ಏಜೆನ್ಸಿಗೆ ಫೋನ್ ಮಾಡುವಾಗ ರೇಟ್ ಕೇಳುವ ಮೊದಲು ಬರುವವರು ಎಂತ ಓದಿದ್ದಾರೆ, ನೋಂದಣಿ ಉಂಟಾ ಅಂತ ಕೇಳಿ. ನೋಂದಣಿ ಇಲ್ಲದಿದ್ದರೆ ಇಂಜೆಕ್ಷನ್, ಟ್ಯೂಬ್, ಕ್ಯಾಥೆಟರ್ ಬದಲಿಸುವ ಕೆಲಸ ಅವರಿಗೆ ಹೇಳಬೇಡಿ, ಅದಕ್ಕೆ ಓದಿದ ನರ್ಸ್‌ನ್ನೇ ಕರೆಸಿ. ವಾರದ ರಜೆಗೆ ಬದಲಿ ಯಾರು ಅಂತ ಮೊದಲೇ ಮಾತಾಡಿ. ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಹತ್ತರದ್ದು, ಹನ್ನೆರಡರದ್ದು ಅವರು ನೋಡಿಕೊಳ್ಳಲಿ. ಮೊಬೈಲ್ ಹಿಡಿದು ಅಷ್ಟು ಹೊತ್ತು ಎದ್ದೇ ಇರ್ತೇವೆ ಅಲ್ವಾ? ಒಂಬತ್ತೂವರೆಗೆ ಮಲಗಿದರೆ ಅಕ್ಕನಿಗೆ ಎರಡರವರೆಗೆ ನಾಲ್ಕೂವರೆ ಗಂಟೆ ಒಟ್ಟಿಗೆ ನಿದ್ದೆ ಸಿಗುತ್ತದೆ.

ಹಿರಿಯರ ವಿಷಯದಲ್ಲಿ ಸಹಾಯ ಬೇಕಾದರೆ ಎಲ್ಡರ್‌ಲೈನ್ ನಂಬರ್ 14567, ದುಡ್ಡಿಲ್ಲ. ಹೋಮ್ ನರ್ಸ್ ಕೆಲಸ ಮಾಡುವವರು ಯಾರಾದರೂ ಕೇಳ್ತಾ ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ, ಊರೂ ಬೇಡ.