ಒಂದನೇ ಕ್ಲಾಸಿಗೂ ಮುಂಚೆ

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’ ಎಂದು ಅಚ್ಚಾಗಿದೆ. ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ವಿಷಯ ಬದಲಾಯಿಸಿಕೊಂಡಿದ್ದೇನೆ. ಉದ್ಯೋಗದ ಬಗ್ಗೆ ಕೇಳಬೇಕೆನ್ನುವ ಮಕ್ಕಳು ಊಟದ ಹೊತ್ತಿನಲ್ಲಿ ನನ್ನನ್ನು ಹಿಡಿದುಕೊಳ್ಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಈಗ ಹೇಳಬೇಕೆಂದಿರುವುದು ಬೇರೆ. ಮಕ್ಕಳು ಈ ಹೈಸ್ಕೂಲಿನ ಮೆಟ್ಟಿಲು ಹತ್ತುವುದಕ್ಕೆ ಹತ್ತು ವರ್ಷ ಮೊದಲು, ಅಂದರೆ ಮೂರರಿಂದ ಆರು ವರ್ಷದೊಳಗೆ, ಅವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದರ ಬಗ್ಗೆ ನಾಲ್ಕು ಮಾತು.

ಈ ಯೋಚನೆ ತಲೆಗೆ ಹೊಕ್ಕಿದ್ದು ಒಂದು ರಸೀದಿಯಿಂದ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಮಗಳನ್ನು ಎಲ್‌ಕೆಜಿಗೆ ಸೇರಿಸಿದೆ. ರಸೀದಿ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನಗೆ ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕಿತ್ತು. ನಾಲ್ಕು ವರ್ಷದ ಬಿ.ಇ.ಗೆ ನಮ್ಮಪ್ಪ ಕಟ್ಟಿದ ಒಟ್ಟು ಫೀಸಿಗಿಂತ ಮಗಳ ಒಂದು ವರ್ಷದ ಎಲ್‌ಕೆಜಿ ಫೀಸು ಜಾಸ್ತಿಯಾಗಿತ್ತು. ಅವ್ವನಿಗೆ ಫೋನಿನಲ್ಲಿ ಹೇಳಿದೆ. “ಅಷ್ಟು ದುಡ್ಡು ಇಸ್ಕೊಂಡು ಏನ್ ಕಲಿಸ್ತಾರಪ್ಪ?” ಅಂದಳು. ಹಾಡು, ಕಥೆ, ಮಣಿ ಪೋಣಿಸೋದು, ಮರಳಲ್ಲಿ ಆಡೋದು, ಬಣ್ಣ ಗುರುತಿಸೋದು ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನೇ ಅಲ್ವಾ ನಮ್ಮ ಟೀಚರಮ್ಮ ಮಾಡಿಸ್ತಿದ್ದದ್ದು?” ಅಂದಳು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮವ್ವ ಈ ಊರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ನಿಮ್ಮಲ್ಲಿ ಎಷ್ಟೋ ಜನ ಅವಳ ಕೈಯ ಉಪ್ಪಿಟ್ಟು ತಿಂದವರೇ.

ಇವತ್ತು ನಮ್ಮ ಶಾಲೆಗೆ ಐವತ್ತು. 1975ರ ಜೂನ್‌ನಲ್ಲಿ ಶುರುವಾದ ಶಾಲೆ ಇದು. ಅದೇ ವರ್ಷ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ಅಂಗನವಾಡಿಗಳು ಬಂದದ್ದು ಆ ಯೋಜನೆಯಿಂದ. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಿಕೊಂಡದ್ದು ಯಾವ ತಾಲ್ಲೂಕು ಗೊತ್ತೇ? ನಮ್ಮ ತಿರುಮಕೂಡಲು ನರಸೀಪುರವನ್ನು. ಇವತ್ತು ರಾಜ್ಯದಲ್ಲಿ ಅರವತ್ತೈದು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅವೆಲ್ಲದರ ಬೇರು ನಮ್ಮ ಸಂಗಮದ ನೆಲದಲ್ಲಿದೆ. ನಾವು ಈ ಶಾಲೆಯ ಸುವರ್ಣ ಮಹೋತ್ಸವಕ್ಕೆ ಚಪ್ಪರ ಹಾಕಿದ್ದೇವೆ, ಸಂತೋಷ. ರಸ್ತೆಯ ಆಚೆ ಇರುವ ಅಂಗನವಾಡಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅದು ಯಾರಿಗೂ ನೆನಪಾಗಲಿಲ್ಲ. ನನಗೂ ಆಗಿರಲಿಲ್ಲ.

ಅವ್ವ ಕೆಲಸಕ್ಕೆ ಹೋಗುವಾಗ ನನ್ನನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳು. ಎರಡು ವರ್ಷದಿಂದ ಆರು ವರ್ಷದವರೆಗೆ ನಾನು ಅಲ್ಲೇ ಬೆಳೆದೆ. ಟೀಚರಮ್ಮ ಹುಣಸೇಬೀಜ ಎಣಿಸಲು ಕಲಿಸಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಲು ಬಿಟ್ಟರು. ದಿನಕ್ಕೊಂದು ಕಥೆ ಹೇಳಿದರು. ಒಂದನೇ ಕ್ಲಾಸಿಗೆ ಹೋದಾಗ ನನಗೆ ಸ್ಲೇಟು ಹೊಸದಲ್ಲ, ಸಾಲಾಗಿ ಕೂರುವುದು ಹೊಸದಲ್ಲ, ದೊಡ್ಡವರ ಪ್ರಶ್ನೆಗೆ ಉತ್ತರ ಕೊಡಲು ಭಯವಿಲ್ಲ. ಮೇಷ್ಟ್ರು ನನ್ನನ್ನು ‘ಚುರುಕು ಹುಡುಗ’ ಎಂದರು. ಒಂದು ಸಲ ಆ ಹೆಸರು ಬಂದರೆ ಅದು ಹತ್ತು ವರ್ಷ ಕೈ ಹಿಡಿಯುತ್ತದೆ.

ಇದೇ ಕಟ್ಟಡದಲ್ಲಿ ಎಂಟನೇ ಕ್ಲಾಸಿನಲ್ಲಿ ನನ್ನ ಪಕ್ಕ ಒಬ್ಬ ಗೆಳೆಯ ಕೂರುತ್ತಿದ್ದ. ಹೆಸರು ಹೇಳುವುದಿಲ್ಲ. ಸಂತೆಯಲ್ಲಿ ಕುರಿಯನ್ನು ಒಮ್ಮೆ ಎತ್ತಿ ಇಳಿಸಿ ತೂಕ ಹೇಳಿಬಿಡುತ್ತಿದ್ದ, ಬೆಲೆಯನ್ನೂ ಬಾಯಲ್ಲೇ ಲೆಕ್ಕ ಹಾಕುತ್ತಿದ್ದ. ಆದರೆ ಪಾಠ ಓದು ಅಂದರೆ ಬೆವರುತ್ತಿದ್ದ. ಅವನ ಅಪ್ಪ ಅಮ್ಮ ಕಬ್ಬು ಕಡಿಯಲು ಊರೂರು ಹೋಗುತ್ತಿದ್ದರು. ನಾನು ಹುಣಸೇಬೀಜ ಎಣಿಸುತ್ತಿದ್ದ ವಯಸ್ಸಿನಲ್ಲಿ ಅವನು ಕಬ್ಬಿನ ಗದ್ದೆಯ ಬದುವಿನ ಮೇಲೆ ತಂಗಿಯನ್ನು ನೋಡಿಕೊಳ್ಳುತ್ತಿದ್ದ. ಒಂದನೇ ಕ್ಲಾಸಿಗೆ ಬಂದ ದಿನವೇ ಅವನು ಮೊದಲ ಸಲ ಬಳಪ ಹಿಡಿದದ್ದು. ಇಲ್ಲಿನ ಕನ್ನಡ ಮೇಷ್ಟ್ರು ಸಂಜೆ ಕೂರಿಸಿಕೊಂಡು ಕಾಗುಣಿತ ತಿದ್ದಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟ. ಇದಕ್ಕೆ ಅಂಗನವಾಡಿಗೆ ಬರದಿದ್ದುದು ಒಂದೇ ಕಾರಣ ಎನ್ನುವುದಿಲ್ಲ. ನಮಗೆ ಎರಡು ಎಕರೆ ನೀರಾವರಿ ಇತ್ತು, ಅವರಿಗೆ ಇರಲಿಲ್ಲ. ಆದರೆ ಅವನು ದಡ್ಡನಾಗಿರಲಿಲ್ಲ, ನಾನು ಮಹಾ ಬುದ್ಧಿವಂತನೂ ಆಗಿರಲಿಲ್ಲ. ನಾವಿಬ್ಬರೂ ಒಂದನೇ ಕ್ಲಾಸಿಗೆ ಬರುವ ಹೊತ್ತಿಗೆ ನಮ್ಮ ನಡುವೆ ನಾಲ್ಕು ವರ್ಷದ ಅಂತರ ಆಗಿಹೋಗಿತ್ತು, ಅಷ್ಟೇ.

ಕಾನೂನು ಏನು ಹೇಳುತ್ತದೆ ನೋಡಿ. ನಮ್ಮ ಸಂವಿಧಾನದ 45ನೇ ವಿಧಿ ಮೊದಲು, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದಿತ್ತು. ಅಲ್ಲಿ ಇಷ್ಟು ವರ್ಷದಿಂದ ಎಂಬ ಗೆರೆ ಇರಲಿಲ್ಲ. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಅದು ದೊಡ್ಡ ಕೆಲಸ. ಆದರೆ ಆ ಹಕ್ಕು ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ. ಆರರ ಕೆಳಗಿನವರು 45ನೇ ವಿಧಿಯಲ್ಲಿ ‘ಪ್ರಯತ್ನಿಸಬೇಕು’ ಎಂಬ ಮಾತಿನ ಕೆಳಗೇ ಉಳಿದರು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಪೂರ್ವ ಪ್ರಾಥಮಿಕಕ್ಕೆ ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯ ಮೂಲಕ ಊಟದ ಹಕ್ಕು ಕೊಟ್ಟಿದೆ. ಅಂದರೆ ನಾಲ್ಕು ವರ್ಷದ ಮಗುವಿಗೆ ಊಟ ಹಕ್ಕು, ಕಲಿಕೆ ಹಕ್ಕಲ್ಲ. ಹೊಟ್ಟೆಗೆ ಮೊದಲು ಬೇಕು, ಒಪ್ಪುತ್ತೇನೆ. ಆದರೆ ದುಡ್ಡಿದ್ದವರ ಮಕ್ಕಳಿಗೆ ಆ ವಯಸ್ಸಿನಲ್ಲಿ ಎರಡೂ ಸಿಗುತ್ತಿದೆ.

ಹಕ್ಕಿಲ್ಲದ ಜಾಗಕ್ಕೆ ವ್ಯಾಪಾರ ಬರುತ್ತದೆ. ಬೆಂಗಳೂರಿನಲ್ಲಿ ನಾನಿರುವ ಬಡಾವಣೆಯ ತಿರುವು ತಿರುವಿಗೂ ‘ಮಾಂಟೆಸ್ಸರಿ’ ಬೋರ್ಡಿದೆ. ಮರಿಯಾ ಮಾಂಟೆಸ್ಸರಿ ಎಂಬ ವೈದ್ಯೆ 1907ರಲ್ಲಿ ತನ್ನ ಮೊದಲ ‘ಮಕ್ಕಳ ಮನೆ’ಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಝೊ ಎಂಬ ಬಡವರ ಕೇರಿಯಲ್ಲಿ, ಕೂಲಿಗೆ ಹೋಗುವ ಅಪ್ಪ ಅಮ್ಮಂದಿರ ಮಕ್ಕಳಿಗಾಗಿ. ಕೂಲಿಯವರ ಮಕ್ಕಳ ಜೊತೆ ಬೆಳೆದ ಕಲಿಕೆ ಇವತ್ತು ನನ್ನಂಥವರ ಮಕ್ಕಳಿಗೆ ಲಕ್ಷದ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ನಾನೂ ಕೊಂಡುಕೊಂಡವನೇ. ಆದ್ದರಿಂದ ಯಾರನ್ನೂ ಬೈಯಲು ನನಗೆ ಬಾಯಿಲ್ಲ.

ನಮ್ಮೂರಿಗೂ ಈಗ ಬೆಳಿಗ್ಗೆ ನರ್ಸರಿ ವ್ಯಾನ್ ಬರುತ್ತದೆ. ಕೂಲಿ ಕಾಸಿನಲ್ಲಿ ಉಳಿಸಿ, ಸಂಘದಲ್ಲಿ ಸಾಲ ತೆಗೆದು ಮಗುವಿಗೆ ಟೈ ಕಟ್ಟಿ ಕಳಿಸುವ ತಾಯಂದಿರನ್ನು ನೋಡಿದ್ದೇನೆ. ಅವರನ್ನು ತಪ್ಪು ಎನ್ನಲಾರೆ. ಮಗು ಮುಂದೆ ಬರಲಿ ಎಂಬ ಆಸೆ ನನಗಿರುವಷ್ಟೇ ಅವರಿಗೂ ಇದೆ. ಆದರೆ ಹೀಗೆ ಆಗುವುದೇನು? ಪಂಚಾಯಿತಿ ಸದಸ್ಯರ ಮಗು, ಅಂಗಡಿಯವರ ಮಗು, ಸಂಬಳದವರ ಮಗು ಎಲ್ಲ ವ್ಯಾನ್ ಹತ್ತುತ್ತವೆ. ಅಂಗನವಾಡಿಯಲ್ಲಿ ಉಳಿಯುವುದು ಬೇರೆ ದಾರಿಯಿಲ್ಲದವರ ಮಕ್ಕಳು. ಸೂರು ಸೋರಿದರೆ ಕೇಳುವ ದನಿ ಇದ್ದವರು ಅಲ್ಲಿಲ್ಲ. ಅಲ್ಲಿರುವವರಿಗೆ ಕೇಳಲು ಪುರುಸೊತ್ತಿಲ್ಲ, ನಾಟಿ ಕಾಲದಲ್ಲಿ ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. ಮೂರು ವರ್ಷದ ಮಗುವಿಗೆ ಓಟಿಲ್ಲ. ರಾಜಕೀಯ ಅಂದರೆ ಇದೇ. ಯಾರೂ ಕೆಟ್ಟದ್ದು ಬಯಸಿಲ್ಲ, ಆದರೂ ಕೆಟ್ಟದ್ದಾಗಿದೆ.

ಆಡಳಿತದಲ್ಲೂ ಮಗು ಒಂದು, ಇಲಾಖೆ ಎರಡು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು, ಒಂದನೇ ಕ್ಲಾಸು ಶಿಕ್ಷಣ ಇಲಾಖೆಗೆ. 2024ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮೂರರಿಂದ ಆರರ ಮಕ್ಕಳು ಅತ್ತ ಹೋದರೆ ನಮ್ಮ ಕೇಂದ್ರದ ಗತಿಯೇನು ಎಂಬುದು ಅವರ ಪ್ರಶ್ನೆ. ಶಾಲೆಯಲ್ಲೇ ಶುರುವಾದರೆ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಉಳಿಯುತ್ತಾರೆ ಎಂಬುದು ಇನ್ನೊಂದು ಕಡೆಯ ಮಾತು. ಎರಡರಲ್ಲೂ ನ್ಯಾಯವಿದೆ. ಆ ಕಾರ್ಯಕರ್ತೆಯರಿಗೆ ಬರುವ ಹಣಕ್ಕೆ ಸಂಬಳ ಎಂಬ ಹೆಸರೂ ಇಲ್ಲ, ‘ಗೌರವಧನ’ ಎನ್ನುತ್ತಾರೆ. 2018ರ ಅಕ್ಟೋಬರ್‌ನಿಂದ ಕೇಂದ್ರ ನಿಗದಿ ಮಾಡಿರುವುದು ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸಿ ಕೊಡುತ್ತದೆ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2022ರಲ್ಲಿ. ಕೆಲಸವೋ, ತೂಕ, ಚುಚ್ಚುಮದ್ದು, ಬಾಣಂತಿಯರ ಊಟ, ಸಮೀಕ್ಷೆ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು. ಇದೆಲ್ಲ ಮುಗಿದ ಮೇಲೆ ಉಳಿದ ಹೊತ್ತು ಕಥೆ ಹೇಳುವುದಕ್ಕೆ.

ಆ ಹೊತ್ತಿನ ಬೆಲೆ ಎಷ್ಟು? ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಶಿಶುಶಾಲೆ ಕೊಟ್ಟರು, ಉಳಿದವರಿಗೆ ಇಲ್ಲ. ನಲವತ್ತು ವರ್ಷ ವಯಸ್ಸಾಗುವವರೆಗೂ ಅವರ ಬದುಕನ್ನು ಹಿಂಬಾಲಿಸಿದರು. ಶಿಶುಶಾಲೆಗೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಗಳಿಕೆ ಹೆಚ್ಚು, ಜೈಲು ಕಂಡವರು ಕಡಿಮೆ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಈ ಲೆಕ್ಕವನ್ನೇ ಇಟ್ಟುಕೊಂಡು, ಎಳೆಯ ವಯಸ್ಸಿಗೆ ಹಾಕಿದ ದುಡ್ಡು ಸಮಾಜಕ್ಕೆ ಎಷ್ಟೋ ಪಟ್ಟು ವಾಪಸು ಬರುತ್ತದೆ ಎಂದು ವಾದಿಸಿದರು. ಆದರೆ ಒಂದು ವಿಷಯ ಮರೆಯಬಾರದು. ಅಲ್ಲಿ ಐದಾರು ಮಕ್ಕಳಿಗೊಬ್ಬ ತರಬೇತಾದ ಟೀಚರ್ ಇದ್ದರು, ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು. ಫಲ ಕೊಟ್ಟದ್ದು ಬೋರ್ಡಲ್ಲ, ಮಗುವಿನ ಜೊತೆ ಕೂತ ಮನುಷ್ಯರು. ನಾವು ಅಂಗನವಾಡಿಗೆ ಎಲ್‌ಕೆಜಿ ಎಂದು ಹೆಸರು ಬರೆದು, ಟೀಚರಮ್ಮನ ಕೈಯಲ್ಲಿ ಇನ್ನೊಂದು ರಿಜಿಸ್ಟರ್ ಇಟ್ಟರೆ ಏನೂ ಆಗದು.

ಈಗ ನನ್ನ ಕೋರಿಕೆ. ಹಳೆಯ ವಿದ್ಯಾರ್ಥಿಗಳ ಸಂಘ ಶಾಲೆಯ ಮುಂದೆ ಸುವರ್ಣ ಮಹೋತ್ಸವದ ಕಮಾನು ಕಟ್ಟಿಸಲು 6 ಲಕ್ಷ ರೂಪಾಯಿ ಅಂದಾಜು ಮಾಡಿದೆ. ನಾನೂ ವಂತಿಗೆ ಕೊಟ್ಟಿದ್ದೇನೆ. ಕಮಾನು ಬೇಡ ಎಂದು ಹೇಳಿ ಹಿರಿಯರ ಮನಸ್ಸು ನೋಯಿಸಲಾರೆ. ಸ್ವಲ್ಪ ಚಿಕ್ಕದಾಗಿ ಕಟ್ಟೋಣ, ಅರ್ಧ ದುಡ್ಡನ್ನು ರಸ್ತೆಯ ಆಚೆಗೆ ದಾಟಿಸೋಣ. ಸೋರುವ ಸೂರು, ಮಕ್ಕಳ ಎತ್ತರಕ್ಕೆ ಒಂದು ಶೌಚಾಲಯ, ಕಥೆ ಪುಸ್ತಕ, ಆಟದ ಸಾಮಾನು. ಇಷ್ಟಕ್ಕೆ ಅದು ಸಾಕು.

ದುಡ್ಡಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಸರ್ಕಾರ ಮಾಡಬೇಕಾದ್ದನ್ನು ವಂತಿಗೆಯಲ್ಲಿ ಮಾಡಿ ಮುಗಿಸಲು ಆಗುವುದಿಲ್ಲ. ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇರುತ್ತದೆ. ಅದರ ಸಭೆಗೆ ಊರಿನಲ್ಲಿರುವ ನನ್ನ ಗೆಳೆಯ ಗೆಳತಿಯರು ಹೋಗಿ ಕೂರಬೇಕು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಜೊತೆ ಅಂಗನವಾಡಿಯ ಹೆಸರೂ ನಡಾವಳಿಗೆ ಸೇರುವಂತೆ ನೋಡಿಕೊಳ್ಳಬೇಕು. ಕಬ್ಬು ಕಡಿಯಲು ಹೋಗುವ ಮನೆಯ ಮಕ್ಕಳು ಆ ತಿಂಗಳುಗಳಲ್ಲಿ ಎಲ್ಲಿರುತ್ತಾರೆ ಎಂದು ಯಾರಾದರೂ ಒಬ್ಬರು ಎದ್ದು ನಿಂತು ಕೇಳಬೇಕು. ಬೆಂಗಳೂರಿನಿಂದ ನಾನು ಕೇಳಿದರೆ ನಡೆಯುವುದಿಲ್ಲ. ಇಲ್ಲಿ ಓಟಿರುವ ನೀವು ಕೇಳಬೇಕು.

ನನ್ನ ಕೆಲಸದಲ್ಲಿ ಒಂದು ಪಾಠ ಬೇಗ ಕಲಿಯುತ್ತೇವೆ. ಶುರುವಿನಲ್ಲಿ ಉಳಿದ ತಪ್ಪನ್ನು ಕೊನೆಯಲ್ಲಿ ಸರಿಮಾಡಲು ಹೋದರೆ ಹತ್ತು ಪಟ್ಟು ಒದ್ದಾಟ. ನಮ್ಮ ಮೇಷ್ಟ್ರು ಎಂಟನೇ ಕ್ಲಾಸಿನ ಹುಡುಗನಿಗೆ ಸಂಜೆ ಕಾಗುಣಿತ ತಿದ್ದಿಸಿದ್ದು ಆ ಒದ್ದಾಟವೇ. ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಮುಂದೆ ಬರುವ ಮೇಷ್ಟ್ರಿಗೆ ಆ ಕೆಲಸ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಅವ್ವ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಅವಳನ್ನು ವೇದಿಕೆಗೆ ಕರೆಯಬೇಡಿ, ಸಂಕೋಚ ಪಡುತ್ತಾಳೆ. ಮನೆಗೆ ಹೋಗುವಾಗ ಒಮ್ಮೆ ಆ ಅಂಗನವಾಡಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿ ಹೋಗಿ. ಅಷ್ಟು ಮಾಡಿದರೆ ನನಗೆ ಹಾಕಿದ ಈ ಹಾರಕ್ಕಿಂತ ದೊಡ್ಡ ಮರ್ಯಾದೆ.